ಖಾರದ ಚಿಕನ್ ವಿಂಗ್ಸ್: ತಪ್ಪು ಖಾರದ್ದಲ್ರೀ, ಅದರ ಹಿಂದೆ ಕೂತ ಉಪ್ಪು-ಎಣ್ಣೆದು

ಹುಬ್ಬಳ್ಳಿ: ಸಂಜೆ ಏಳು ಹೊಡೀತಂದ್ರ ಸಾಕು, ಕೇಶ್ವಾಪುರದ ಸರ್ವೋದಯ ಸರ್ಕಲ್ ಕಡೆಯಿಂದ ಕುಸುಗಲ್ ರಸ್ತೆಗುಂಟ ನಡೆದು ಹೋಗುವವರ ಮೂಗಿಗೆ ಕಾದ ಎಣ್ಣೆ, ಬಳ್ಳೊಳ್ಳಿ, ಕೆಂಪು ಖಾರದ ಘಮ ಬಡಿಯುತ್ತದೆ. ಡ್ಯೂಟಿ ಮುಗಿಸಿ ಬಂದ ರೈಲ್ವೆ ನೌಕರರು, ಟ್ಯೂಷನ್ ಬಿಟ್ಟು ಬಂದ ಹುಡುಗರು, ಮನೆಗೆ ಪಾರ್ಸೆಲ್ ಒಯ್ಯಲು ನಿಂತ ಅಪ್ಪಂದಿರು. ಒಬ್ಬರಿಗೆ ಕಬಾಬ್ ಬೇಕು, ಇನ್ನೊಬ್ಬರಿಗೆ ಲಾಲಿಪಾಪ್. ಈಗೀಗ ಕಾಲೇಜು ಹುಡುಗರ ಬಾಯಲ್ಲಿ ‘ಸ್ಪೈಸಿ ವಿಂಗ್ಸ್’ ಅನ್ನೋ ಹೆಸರು.

ಪ್ಲೇಟು ಖಾಲಿ ಆದಮೇಲೆ ಎಲ್ಲರಿಗೂ ಒಂದೇ ಪ್ರಶ್ನೆ. ಇದು ಮೈಗೆ ಛಲೋನೋ, ಕೆಟ್ಟೋ?

ಈ ಬರಹಕ್ಕೆ ಕಾರಣ ನಮ್ಮ ಮನೆಯದೇ ಒಂದು ತಕರಾರು. ನಮ್ಮ ಅಪ್ಪ ರೈಲ್ವೆ ವರ್ಕ್‌ಶಾಪ್‌ನಲ್ಲಿ ದುಡಿದು ನಿವೃತ್ತರಾದವರು. ಹೋದ ವರ್ಷ ಬಿಪಿ ಗುಳಿಗೆ ಶುರುವಾಯಿತು. ಡಾಕ್ಟರು ಹೇಳಿದ್ದು ಎರಡೇ ಮಾತು, “ಉಪ್ಪು ಕಡಿಮಿ ಮಾಡ್ರಿ, ಎಣ್ಣಿ ಕಡಿಮಿ ಮಾಡ್ರಿ.” ಮನೆ ಮುಟ್ಟುವಷ್ಟರಲ್ಲಿ ಅದು ಹೇಗೋ “ಖಾರ ಬಂದ್” ಅಂತ ಆಗಿತ್ತು. ಅವ್ವ ಅಪ್ಪನ ತಾಟಿನಿಂದ ಕೆಂಪು ಚಟ್ನಿ ಎತ್ತಿದಳು, ಭಾನುವಾರದ ಕೋಳಿ ಸಾರು ಅವರಿಗಷ್ಟೇ ಬೇರೆ, ಸಪ್ಪಗೆ. ಆದರೆ ಉಪ್ಪಿನಕಾಯಿ, ಹಪ್ಪಳ, ಬೇಕರಿಯಿಂದ ತಂದ ಖಾರಾ ಎಲ್ಲಾ ಹಂಗೇ ಉಳಿದವು. ಒಂದು ದಿನ ಮೊಮ್ಮಗ ತಂದ ಲಾಲಿಪಾಪ್ ಪಾರ್ಸೆಲ್‌ನಲ್ಲಿ ಮೇಲಿನ ಕೆಂಪು ಮಸಾಲೆ ಚಮಚದಿಂದ ಕೆರೆದು, “ಖಾರ ತಗದೇನ್ರಿ, ಈಗ ತಿನ್ರಿ” ಅಂತ ಅವ್ವ ಕೊಟ್ಟಳು. ಅಪ್ಪ ತಾಟು ಸರಿಸಿ ಎದ್ದರು. ಅಲ್ಲಿಂದ ಮುಂದೆ ಭಾನುವಾರ ಅವರು ಎಲ್ಲರಿಗಿಂತ ಮೊದಲೇ, ಒಬ್ಬರೇ ಕೂತು ಉಣ್ಣತೊಡಗಿದರು.

ಇಂಥ ಮನೆಗಳು ಕೇಶ್ವಾಪುರದಲ್ಲಿ ನಮ್ಮದೊಂದೇ ಅಲ್ಲ. ಬಿಪಿ, ಶುಗರ್, ಕೊಲೆಸ್ಟ್ರಾಲ್ ಅಂತ ಯಾರಿಗಾದರೂ ಗೊತ್ತಾದ ಕೂಡಲೇ ನಾವು ಮೊದಲು ಹಿಡಿಯೋದು ಖಾರವನ್ನು. ಯಾಕಂದರೆ ಖಾರ ನಾಲಿಗೆ ಮೇಲೆ ಕೂಗಿ ಹೇಳುತ್ತದೆ. ಉಪ್ಪು, ಎಣ್ಣೆ, ಮೈದಾ ಸುಮ್ಮನೆ ಒಳಗೆ ಹೋಗಿ ಕೂಡುತ್ತವೆ. ಹಾಗಾದರೆ ಖಾರದ ಚಿಕನ್ ವಿಂಗ್ಸ್ ಒಳಗೆ ನಿಜವಾಗಿ ಏನಿರುತ್ತದೆ, ಅದರಲ್ಲಿ ಯಾವುದನ್ನು ಕಡಿಮೆ ಮಾಡಬೇಕು, ಯಾವುದನ್ನು ಬಿಡಬೇಕಿಲ್ಲ? ಒಂದೊಂದಾಗಿ ನೋಡೋಣ ಬರ್ರಿ.

ಲಾಲಿಪಾಪ್ ಅಂದ್ರೂ ರೆಕ್ಕೆನೇ

‘ವಿಂಗ್ಸ್’ ಅಂದರೆ ಕೋಳಿಯ ರೆಕ್ಕೆ. ಒಂದು ರೆಕ್ಕೆಯಲ್ಲಿ ಮೂರು ಭಾಗ: ಮೈಗೆ ಹತ್ತಿದ ದಪ್ಪ ತುಂಡು, ನಡುವೆ ಎರಡು ಎಲುಬಿನ ಚಪ್ಪಟೆ ತುಂಡು, ತುದಿಯಲ್ಲಿ ಮಾಂಸವೇ ಇಲ್ಲದ ಚೂಪು ತುಂಡು. ನಾವು ವರ್ಷಗಟ್ಟಲೆ ತಿನ್ನುತ್ತ ಬಂದ ಚಿಕನ್ ಲಾಲಿಪಾಪ್ ಇದೇ ರೆಕ್ಕೆಯದು. ಎಲುಬಿನ ಮೇಲಿನ ಮಾಂಸವನ್ನು ಒಂದು ತುದಿಗೆ ಜಗ್ಗಿ ಗುಂಡಗೆ ಮಾಡಿದರೆ ಅದು ಲಾಲಿಪಾಪ್. ಒಂದು ರೆಕ್ಕೆಯಿಂದ ಸಾಮಾನ್ಯವಾಗಿ ಎರಡು ಲಾಲಿಪಾಪ್ ಆಗುತ್ತವೆ.

ಅಮೆರಿಕದ ‘ಬಫಲೊ ವಿಂಗ್ಸ್’ ಹುಟ್ಟಿದ್ದು 1964ರಲ್ಲಿ, ನ್ಯೂಯಾರ್ಕ್ ರಾಜ್ಯದ ಬಫಲೊ ನಗರದ ಆ್ಯಂಕರ್ ಬಾರ್‌ನಲ್ಲಿ ಅಂತ ಹೇಳುತ್ತಾರೆ. ಅಲ್ಲಿಯ ತೆರೆಸಾ ಬೆಲಿಸಿಮೊ ಎಂಬ ಹೆಣ್ಣುಮಗಳು ರೆಕ್ಕೆ ತುಂಡು ಕರಿದು ಖಾರದ ಸಾಸು, ಬೆಣ್ಣೆಯಲ್ಲಿ ಹೊರಳಿಸಿ ಕೊಟ್ಟಳಂತೆ. ಅಲ್ಲಿಯವರೆಗೆ ರೆಕ್ಕೆ ಅಲ್ಲಿ ಸಾರಿಗೆ ಹಾಕುವ ಅಗ್ಗದ ತುಂಡು. ಅದಕ್ಕೂ ಎಮ್ಮೆಗೂ ಸಂಬಂಧ ಇಲ್ಲ, ಬಫಲೊ ಅನ್ನೋದು ಊರಿನ ಹೆಸರು. ಸಾವಜಿ ಖಾನಾವಳಿಗಳ ಖಾರ ಉಂಡು ಬೆಳೆದ ಹುಬ್ಬಳ್ಳಿ ಮಂದಿಗೆ ಅವರ ಖಾರ ದೊಡ್ಡದೇನೂ ಅಲ್ಲ. ಇಲ್ಲಿಗೆ ಹೆಸರು ಹೊಸದು, ತುಂಡು ಹಳೇದೇ.

ಒಂದು ರೆಕ್ಕೆಯಲ್ಲಿ ಏನೇನಿದೆ?

ಅಮೆರಿಕದ ಕೃಷಿ ಇಲಾಖೆ ಆಹಾರ ಪದಾರ್ಥಗಳ ಪೋಷಕಾಂಶ ಪಟ್ಟಿಯನ್ನು ಪ್ರಕಟಿಸುತ್ತದೆ. ಅದರ ಪ್ರಕಾರ ಒಂದು ಇಡೀ ರೆಕ್ಕೆಯ (ಎಲುಬು ಬಿಟ್ಟು, ತಿನ್ನುವ ಭಾಗದ) ಲೆಕ್ಕ ಹೀಗಿದೆ:

– ಎಣ್ಣೆಯಿಲ್ಲದೆ ಬೇಯಿಸಿದ ರೆಕ್ಕೆ, ಚರ್ಮ ಬಿಟ್ಟು ಮಾಂಸ ಮಾತ್ರ: ಸುಮಾರು 43 ಕ್ಯಾಲರಿ, 6 ಗ್ರಾಂ ಪ್ರೋಟೀನ್, 2 ಗ್ರಾಂಗಿಂತ ಕಡಿಮೆ ಕೊಬ್ಬು.

– ಅದೇ ರೆಕ್ಕೆ, ಚರ್ಮ ಸಮೇತ: ಸುಮಾರು 99 ಕ್ಯಾಲರಿ, 9 ಗ್ರಾಂ ಪ್ರೋಟೀನ್, 6.5 ಗ್ರಾಂ ಕೊಬ್ಬು.

– ಚರ್ಮ ಸಮೇತ, ಹಿಟ್ಟಿನಲ್ಲಿ ಅದ್ದಿ ಎಣ್ಣೆಯಲ್ಲಿ ಕರಿದದ್ದು: ಸುಮಾರು 159 ಕ್ಯಾಲರಿ, 10 ಗ್ರಾಂ ಪ್ರೋಟೀನ್, 11 ಗ್ರಾಂ ಕೊಬ್ಬು.

ಕೋಳಿ ಸಣ್ಣದಿದ್ದರೆ, ದೊಡ್ಡದಿದ್ದರೆ ಲೆಕ್ಕ ಆಚೀಚೆ ಆಗುತ್ತದೆ. ಹಿಟ್ಟು ಎಷ್ಟು ದಪ್ಪ ಹಚ್ಚಿದ್ದಾರೆ ಅನ್ನುವುದರ ಮೇಲೂ ಹೋಗುತ್ತದೆ. ಆದರೆ ಮೂರೂ ಸಾಲು ಒಟ್ಟಿಗೆ ನೋಡಿದರೆ ವಿಷಯ ತಿಳಿಯುತ್ತದೆ. ಚರ್ಮ ಸೇರಿದ ಕೂಡಲೇ ಕ್ಯಾಲರಿ ಎರಡು ಪಟ್ಟಿಗಿಂತ ಹೆಚ್ಚು. ಹಿಟ್ಟು ಮತ್ತು ಎಣ್ಣೆ ಸೇರಿದರೆ ಹೆಚ್ಚೂಕಡಿಮೆ ನಾಲ್ಕು ಪಟ್ಟು. ಪ್ರೋಟೀನ್ ಮಾತ್ರ 6ರಿಂದ 10ಕ್ಕೆ ಏರಿದ್ದು. ಅಂದರೆ ನಾವು ಹೆಚ್ಚಿಗೆ ತಿಂದದ್ದು ಕೋಳಿಯನ್ನಲ್ಲ, ಕೊಬ್ಬು ಮತ್ತು ಹಿಟ್ಟನ್ನು.

ಕೋಳಿಯ ಎದೆಭಾಗಕ್ಕೆ ಹೋಲಿಸಿದರೆ ರೆಕ್ಕೆ ಕೊಬ್ಬಿನ ತುಂಡೇ. ಚರ್ಮ ತೆಗೆದು ಬೇಯಿಸಿದ ಎದೆಭಾಗ 100 ಗ್ರಾಂನಲ್ಲಿ 165 ಕ್ಯಾಲರಿ, ಕೊಬ್ಬು 4 ಗ್ರಾಂಗಿಂತ ಕಡಿಮೆ. ಚರ್ಮ ಸಮೇತ ಬೇಯಿಸಿದ ರೆಕ್ಕೆ 100 ಗ್ರಾಂನಲ್ಲಿ 290 ಕ್ಯಾಲರಿ, ಕೊಬ್ಬು 19 ಗ್ರಾಂ ದಾಟುತ್ತದೆ. ರೆಕ್ಕೆ ಸಣ್ಣ ತುಂಡು, ಅದರ ಸುತ್ತ ಚರ್ಮ ಜಾಸ್ತಿ. ಇದೇ ಕಾರಣ.

ಒಳ್ಳೆಯದೂ ಇದೆ. ಹೈದರಾಬಾದ್‌ನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಲೆಕ್ಕದಲ್ಲಿ ಆರೋಗ್ಯವಂತ ದೊಡ್ಡವರಿಗೆ ದಿನಕ್ಕೆ ಪ್ರತಿ ಕಿಲೋ ತೂಕಕ್ಕೆ 0.83 ಗ್ರಾಂ ಪ್ರೋಟೀನ್ ಬೇಕು. 60 ಕಿಲೋ ತೂಕದವರಿಗೆ ಸುಮಾರು 50 ಗ್ರಾಂ. ಎಣ್ಣೆಯಿಲ್ಲದೆ ಬೇಯಿಸಿದ ಮೂರು ಇಡೀ ರೆಕ್ಕೆ ತಿಂದರೆ ಅದರಲ್ಲಿ ಅರ್ಧದಷ್ಟು ಸಿಕ್ಕಂತೆ. ಅನ್ನ-ಸಾರು, ಚಹಾ-ಬಿಸ್ಕೀಟಿನಲ್ಲೇ ದಿನ ಕಳೆಯುವ ವಯಸ್ಸಾದವರಿಗೆ ಇದು ಸಣ್ಣ ಮಾತಲ್ಲ. ಇದರ ಜೊತೆ ಬಿ ಗುಂಪಿನ ವಿಟಮಿನ್, ಸತು, ಸೆಲೆನಿಯಂ ಕೂಡ ಕೋಳಿ ಮಾಂಸದಲ್ಲಿ ಸಿಗುತ್ತವೆ.

ಒಂದು ಪ್ಲೇಟ್ ಲಾಲಿಪಾಪ್‌ನ ಪೂರ್ತಿ ಲೆಕ್ಕ

ಆರು ಲಾಲಿಪಾಪ್ ಅಂದರೆ ಮೂರು ರೆಕ್ಕೆ. ಹಿಟ್ಟು ಹಚ್ಚಿ ಕರಿದ ಲೆಕ್ಕದಲ್ಲಿ ಸುಮಾರು 480 ಕ್ಯಾಲರಿ. ಜೊತೆಗೆ ಎರಡು ದೊಡ್ಡ ಚಮಚ ಮೆಯೋನೀಸ್ ಹಾಕಿಸಿಕೊಂಡರೆ ಇನ್ನೂ 180ರ ಆಸುಪಾಸು, ಯಾಕಂದರೆ ಮೆಯೋನೀಸ್‌ನಲ್ಲಿ ಬಹುಪಾಲು ಎಣ್ಣೆಯೇ. 300 ಎಂಎಲ್ ಕೋಲಾ ತಗೊಂಡರೆ 130 ಕ್ಯಾಲರಿ, ಸಕ್ಕರೆ ಹತ್ತಿರ ಹತ್ತಿರ ಎಂಟು ಚಿಕ್ಕ ಚಮಚ. ಒಟ್ಟು 790. ದಿನಕ್ಕೆ 2000 ಕ್ಯಾಲರಿ ಸಾಕಾಗುವವರಿಗೆ ಇದು ಐದರಲ್ಲಿ ಎರಡು ಪಾಲು. ಅದೂ ‘ಸಂಜೀ ನಾಷ್ಟಾ’. ಇದಾದ ಮೇಲೆ ರಾತ್ರಿ ಊಟ ಬೇರೆ.

ಈ 790ರಲ್ಲಿ ಖಾರದ ಪಾಲೆಷ್ಟು? ಒಂದು ಚಮಚ ಖಾರಪುಡಿಯಲ್ಲಿ ಹತ್ತು ಕ್ಯಾಲರಿಯೂ ಇರುವುದಿಲ್ಲ.

ಹಾಗಾದ್ರ ಖಾರ ಏನ್ ಮಾಡ್ತದ?

ಮೆಣಸಿನಕಾಯಿಯ ಉರಿಗೆ ಕಾರಣ ಕ್ಯಾಪ್ಸೈಸಿನ್ ಅನ್ನುವ ವಸ್ತು. ನಾಲಿಗೆಯಲ್ಲಿ ಬಿಸಿಯನ್ನು ಗುರುತಿಸುವ ಗ್ರಾಹಕವೊಂದಿದೆ. ಕ್ಯಾಪ್ಸೈಸಿನ್ ಹೋಗಿ ಅದನ್ನೇ ಒತ್ತುತ್ತದೆ. ಹಾಗಾಗಿ ಬಾಯಿ ಸುಡದಿದ್ದರೂ ಸುಟ್ಟಂತೆ ಅನಿಸುತ್ತದೆ, ಬೆವರು ಬರುತ್ತದೆ. ಕ್ಯಾಪ್ಸೈಸಿನ್ ಬಳಸಿಯೇ ಈ ಗ್ರಾಹಕವನ್ನು ಪತ್ತೆ ಹಚ್ಚಿದ ಡೇವಿಡ್ ಜೂಲಿಯಸ್ ಅವರಿಗೆ 2021ರ ವೈದ್ಯಕೀಯ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ಸಿಕ್ಕಿತು. ಹಕ್ಕಿಗಳಿಗೆ ಮಾತ್ರ ಈ ಉರಿ ತಿಳಿಯುವುದಿಲ್ಲ. ಅಂದರೆ ನಮ್ಮ ಕಣ್ಣಲ್ಲಿ ನೀರು ತರಿಸುವ ಮೆಣಸಿನಕಾಯಿಯನ್ನು ಕೋಳಿ ಆರಾಮ ತಿಂದು ಹೋಗುತ್ತದೆ!

“ಖಾರ ತಿಂದ್ರ ಹೊಟ್ಟ್ಯಾಗ ಹುಣ್ಣು ಆಗ್ತದ” ಅನ್ನುವುದು ಹಳೇ ನಂಬಿಕೆ. ಹೊಟ್ಟೆ ಹುಣ್ಣಿಗೆ ಮುಖ್ಯ ಕಾರಣ ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯಾ ಮತ್ತು ಲೆಕ್ಕವಿಲ್ಲದೆ ನುಂಗುವ ನೋವಿನ ಗುಳಿಗೆಗಳು. ಆದರೆ ಆಗಲೇ ಹುಣ್ಣು, ಎದೆಯುರಿ, ಮೂಲವ್ಯಾಧಿ ಇದ್ದವರಿಗೆ ಖಾರ ಉರಿ ಹೆಚ್ಚಿಸುತ್ತದೆ ಅನ್ನುವುದು ಖರೆ. ಅಂಥವರು ಖಾರ ಕಡಿಮೆ ಮಾಡಲೇಬೇಕು.

ಬಿಪಿ ವಿಷಯದಲ್ಲಿ? 2017ರಲ್ಲಿ ‘ಹೈಪರ್‌ಟೆನ್ಷನ್’ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಚೀನಾದ ಒಂದು ಅಧ್ಯಯನ ಬಂತು. ಆರುನೂರಕ್ಕೂ ಹೆಚ್ಚು ಜನರನ್ನು ಪರೀಕ್ಷಿಸಿದಾಗ, ಖಾರ ಇಷ್ಟಪಡುವವರು ಉಪ್ಪು ಕಡಿಮೆ ತಿನ್ನುತ್ತಿದ್ದರು, ಅವರ ರಕ್ತದೊತ್ತಡವೂ ಕಡಿಮೆ ಇತ್ತು. ಖಾರ ಇದ್ದರೆ ಸ್ವಲ್ಪ ಉಪ್ಪಿಗೂ ನಾಲಿಗೆ ತೃಪ್ತಿಪಡುತ್ತದೆ ಅನ್ನುವುದು ಅವರ ವಿವರಣೆ. ಹಾಗಂತ ಖಾರವೇ ಬಿಪಿಗೆ ಔಷಧಿ ಅಂತ ತಿಳಿಯಬೇಡಿ. ಗುಳಿಗೆ ಬಿಡುವ ಮಾತೇ ಇಲ್ಲ. ನಮ್ಮಲ್ಲಿ ಖಾರ ಒಬ್ಬಂಟಿಯಾಗಿ ಬರುವುದೂ ಇಲ್ಲ, ಉಪ್ಪು-ಎಣ್ಣೆಯ ಕೈ ಹಿಡಿದೇ ಬರುತ್ತದೆ. ಆದರೆ ಖಾರ ತೆಗೆದು ಉಪ್ಪು ಉಳಿಸಿದರೆ ಕೆಲಸ ಉಲ್ಟಾ ಆದಂತೆ ಅನ್ನುವುದಂತೂ ಸ್ಪಷ್ಟ. ನಮ್ಮ ಅವ್ವ ಮಾಡಿದ್ದು ಅದನ್ನೇ.

ಬಾಯಿ ಉರಿದರೆ ನೀರು ಕುಡಿದು ಉಪಯೋಗವಿಲ್ಲ. ಕ್ಯಾಪ್ಸೈಸಿನ್ ನೀರಿನಲ್ಲಿ ಕರಗುವುದಿಲ್ಲ. ಹಾಲು, ಮೊಸರು, ಮಜ್ಜಿಗೆಯಲ್ಲಿರುವ ಪ್ರೋಟೀನ್ ಅದನ್ನು ಹಿಡಿದು ಒಯ್ಯುತ್ತದೆ. ಕೋಲಾ ಬದಲು ಒಂದು ಗ್ಲಾಸ್ ಮಜ್ಜಿಗೆ ಅನ್ನೋದಕ್ಕೆ ಇದೂ ಒಂದು ಕಾರಣ.

ಉಪ್ಪು ಎಲ್ಲಿಂದ ಬರ್ತದ?

ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ದೊಡ್ಡವರಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು, ಅಂದರೆ ಸಪಾಟ ಒಂದು ಚಿಕ್ಕ ಚಮಚ. ಇಡೀ ದಿನದ ಚಹಾದ ಜೊತೆಗಿನ ಚೂಡಾ, ಪಲ್ಲೆ, ಸಾರು, ಉಪ್ಪಿನಕಾಯಿ ಎಲ್ಲಾ ಸೇರಿ ಇಷ್ಟು.

ವಿಂಗ್ಸ್ ಅಥವಾ ಲಾಲಿಪಾಪ್‌ಗೆ ಉಪ್ಪು ಹಲವು ಬಾಗಿಲಿನಿಂದ ಬರುತ್ತದೆ. ನೆನೆಸುವ ಮಸಾಲೆಯಲ್ಲಿ ಒಮ್ಮೆ, ಹಿಟ್ಟಿನಲ್ಲಿ ಒಮ್ಮೆ, ಆಮೇಲೆ ಸೋಯಾ ಸಾಸ್, ಚಿಲ್ಲಿ ಸಾಸ್. ಸಾಮಾನ್ಯ ಸೋಯಾ ಸಾಸ್ ಒಂದು ದೊಡ್ಡ ಚಮಚದಲ್ಲಿ 900 ಮಿಲಿಗ್ರಾಂ ಆಸುಪಾಸು ಸೋಡಿಯಂ, ಅಂದರೆ ಎರಡು ಗ್ರಾಂ ದಾಟಿದ ಉಪ್ಪು. ದಿನದ ಮಿತಿಯ ಹತ್ತಿರ ಹತ್ತಿರ ಅರ್ಧ ಅಲ್ಲೇ ಮುಗೀತು. ಎಲ್ಲರೂ ಬೈಯುವ ಅಜಿನೊಮೊಟೊದಲ್ಲಿ ಸೋಡಿಯಂ ಶೇ 12ರಷ್ಟು, ಅಡುಗೆ ಉಪ್ಪಿನಲ್ಲಿ ಶೇ 39ರಷ್ಟು. ಅಂದರೆ ಅಜಿನೊಮೊಟೊ ಹಾಕಿಲ್ಲ ಅಂತ ಬೋರ್ಡ್ ಇದ್ದ ಮಾತ್ರಕ್ಕೆ ಬಿಪಿ ಇದ್ದವರು ನಿಶ್ಚಿಂತೆಯಿಂದ ತಿನ್ನುವಂತಿಲ್ಲ. ಉಪ್ಪು, ಸಾಸು ಎಷ್ಟಿದೆ ಅನ್ನುವುದೇ ಮುಖ್ಯ.

ಕೆಂಪು ಬಣ್ಣ ಎಲ್ಲಿಂದ ಬಂತು?

ಇದು ನಮ್ಮ ರಾಜ್ಯದಲ್ಲೇ ದೊಡ್ಡ ಸುದ್ದಿಯಾದ ವಿಷಯ. 2024ರ ಮಾರ್ಚ್‌ನಲ್ಲಿ ಗೋಬಿ ಮಂಚೂರಿ ಮತ್ತು ಕಾಟನ್ ಕ್ಯಾಂಡಿಯಲ್ಲಿ ರೋಡಮೈನ್-ಬಿಯಂಥ ಹಾನಿಕಾರಕ ಕೃತಕ ಬಣ್ಣಗಳಿಗೆ ರಾಜ್ಯ ಸರ್ಕಾರ ತಡೆ ಹಾಕಿತು. ಅದೇ ವರ್ಷ ಜೂನ್‌ನಲ್ಲಿ ಕಬಾಬ್ ಸರದಿ. ರಾಜ್ಯದ ನಾನಾ ಕಡೆ ತೆಗೆದ 39 ಕಬಾಬ್ ಮಾದರಿಗಳಲ್ಲಿ 8ರಲ್ಲಿ ಸನ್‌ಸೆಟ್ ಯೆಲ್ಲೊ, ಕಾರ್ಮೋಸಿನ್‌ನಂಥ ಕೃತಕ ಬಣ್ಣ ಸಿಕ್ಕವು. ಚಿಕನ್, ಮೀನು, ತರಕಾರಿ ಯಾವ ಕಬಾಬ್‌ಗೂ ಕೃತಕ ಬಣ್ಣ ಹಾಕುವಂತಿಲ್ಲ ಎಂದು ಆದೇಶವಾಯಿತು. ಮೀರಿದರೆ ಜೈಲು, ಹತ್ತು ಲಕ್ಷ ರೂಪಾಯಿವರೆಗೆ ದಂಡ ಎಂದು ಆಗ ಸರ್ಕಾರ ಎಚ್ಚರಿಸಿತ್ತು.

ಬೇಸರದ ಮಾತೇನಂದರೆ ಇಡೀ ದೇಶಕ್ಕೆ ಕೆಂಪು ಬಣ್ಣ ಕೊಡುವ ಮೆಣಸಿನಕಾಯಿ ನಮ್ಮ ಮಗ್ಗುಲಲ್ಲೇ ಬೆಳೆಯುತ್ತದೆ. ಹಾವೇರಿ ಜಿಲ್ಲೆಯ ಬ್ಯಾಡಗಿಯ ಹೆಸರಿನ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಗುರುತು, ಅಂದರೆ ಜಿಐ ಟ್ಯಾಗ್ ಸಿಕ್ಕಿದೆ. ನಮ್ಮ ಜಿಲ್ಲೆಯ ಕುಂದಗೋಳ ಕಡೆಯ ಹೊಲಗಳಲ್ಲೂ ಅದು ಬೆಳೆಯುತ್ತದೆ. ಬ್ಯಾಡಗಿಯ ವಿಶೇಷ ಬಣ್ಣ ಜಾಸ್ತಿ, ಖಾರ ಕಡಿಮೆ. ಅದರಲ್ಲೂ ದಪ್ಪನೆಯ ‘ಡಬ್ಬಿ’ ಜಾತಿಗೆ ಬಣ್ಣ ಇನ್ನೂ ಗಾಢ. ಅದರಿಂದ ತೆಗೆದ ಬಣ್ಣದ ಸಾರ ಕಾರ್ಖಾನೆಗಳಿಗೂ ಹೋಗುತ್ತದೆ. ಇಂಥದ್ದನ್ನು ಕೈಯಲ್ಲಿಟ್ಟುಕೊಂಡು ಡಬ್ಬಿಯ ಬಣ್ಣ ಕಲಸುವುದು ಯಾಕೆ?

ಗುರುತು ಹಿಡಿಯುವುದು ಹೇಗೆ? ಬ್ಯಾಡಗಿ ಖಾರದ ಕಬಾಬ್ ಕರಿದ ಮೇಲೆ ಕಂದುಗೆಂಪು ಇರುತ್ತದೆ, ಅಲ್ಲಲ್ಲಿ ಮಸಾಲೆ ಕಾಣುತ್ತದೆ. ಟ್ಯೂಬ್‌ಲೈಟ್ ಬೆಳಕಲ್ಲಿ ಹೊಳೆಯುವ ಕಡುಗೆಂಪು ಅಥವಾ ಕಿತ್ತಳೆ ಕಂಡರೆ, ಕೈಗೆ ಹತ್ತಿದ ಬಣ್ಣ ಸೋಪು ಹಚ್ಚಿದರೂ ಬೇಗ ಹೋಗದಿದ್ದರೆ ಸಂಶಯ ಪಡಬೇಕು. ಖಚಿತ ಉತ್ತರ ಲ್ಯಾಬ್‌ನಲ್ಲಿ ಮಾತ್ರ. “ಬಣ್ಣ ಹಾಕೀರೇನ್ರಿ?” ಅಂತ ಕೇಳುವ ಹಕ್ಕು ಗಿರಾಕಿಗೆ ಇದೆ. ಹತ್ತು ಜನ ಕೇಳಿದರೆ ಹನ್ನೊಂದನೆಯವರಿಗೆ ಬಣ್ಣ ಇಲ್ಲದ್ದೇ ಸಿಗುತ್ತದೆ.

ಎಣ್ಣೆಯ ಬಣ್ಣ ನೋಡ್ರಿ

ಒಂದೇ ಎಣ್ಣೆಯನ್ನು ಮತ್ತೆ ಮತ್ತೆ ಕಾಯಿಸಿದರೆ ಅದು ಒಡೆದು ಕೆಟ್ಟ ಸಂಯುಕ್ತಗಳಾಗುತ್ತವೆ. ಇವನ್ನು ಅಳೆಯಲು ಆಹಾರ ಸುರಕ್ಷತಾ ಪ್ರಾಧಿಕಾರ ‘ಟೋಟಲ್ ಪೋಲಾರ್ ಕಾಂಪೌಂಡ್ಸ್’ ಎಂಬ ಮಾಪನ ಇಟ್ಟಿದೆ. 2018ರ ಜುಲೈ 1ರಿಂದ ಇದು ಶೇ 25 ದಾಟಿದ ಎಣ್ಣೆಯಲ್ಲಿ ಅಡುಗೆ ಮಾಡುವಂತಿಲ್ಲ. ಗಿರಾಕಿ ಮೀಟರ್ ಹಿಡಿದು ಹೋಗಲು ಆಗುವುದಿಲ್ಲ, ಕಣ್ಣು-ಮೂಗು ಸಾಕು. ಕಡಾಯಿಯಲ್ಲಿ ಎಣ್ಣೆ ಚಹಾದಂತೆ ಕಪ್ಪಾಗಿದ್ದರೆ, ದಪ್ಪಗಾಗಿದ್ದರೆ, ಮೇಲೆ ನೊರೆ ನಿಂತರೆ, ಬೇಗ ಹೊಗೆ ಎದ್ದರೆ, ಮುಗ್ಗಲು ವಾಸನೆ ಬಂದರೆ ಅವತ್ತು ಮುಂದೆ ನಡೆಯುವುದೇ ಲೇಸು. ಇದು ಮನೆಗೂ ಅನ್ವಯ. ಭಾನುವಾರ ಕರಿದ ಎಣ್ಣೆ ಬುಧವಾರ ಮಿರ್ಚಿ ಭಜಿಗೆ, ಶುಕ್ರವಾರ ಹಪ್ಪಳಕ್ಕೆ ಅಂತ ಎಳೆಯುವ ರೂಢಿ ಬಿಡಬೇಕು.

ಮನೆಯಲ್ಲಿ ಹೀಗೆ ಮಾಡಿ ನೋಡ್ರಿ

ಓವನ್, ಏರ್ ಫ್ರೈಯರ್ ಇಲ್ಲದಿದ್ದರೂ ನಡೆಯುತ್ತದೆ. ಇಡ್ಲಿ ಪಾತ್ರೆ ಮತ್ತು ತವಾ ಸಾಕು. ನಾಲ್ಕು ಜನರಿಗೆ ಒಂದು ಕಿಲೋ ರೆಕ್ಕೆ ತನ್ನಿ. ಅಂಗಡಿಯಲ್ಲೇ “ಚರ್ಮ ತಗದು, ತುದಿ ಕಡದು ಕೊಡ್ರಿ” ಅಂತ ಹೇಳಿ. ಮನೆಯಲ್ಲಿ ನಲ್ಲಿ ಕೆಳಗೆ ಹಿಡಿದು ರಪರಪ ತೊಳೆಯಬೇಡಿ. ಹಸಿ ಕೋಳಿಯ ಬ್ಯಾಕ್ಟೀರಿಯಾ ನೀರಿನ ಜೊತೆ ಸಿಡಿದು ಕಟ್ಟೆ, ಪಾತ್ರೆ, ಕೊತ್ತಂಬರಿ ಎಲ್ಲದಕ್ಕೂ ಹತ್ತುತ್ತದೆ. ಬೇಯಿಸುವಾಗ ಅವು ಹೇಗೂ ಸಾಯುತ್ತವೆ. ಕೈ, ಚಾಕು, ಹಲಗೆ ಮಾತ್ರ ಸೋಪಿನಿಂದ ತೊಳೆಯಿರಿ.

ಮಸಾಲೆಗೆ ಗಟ್ಟಿ ಮೊಸರು ನಾಲ್ಕು ದೊಡ್ಡ ಚಮಚ, ಬ್ಯಾಡಗಿ ಖಾರಪುಡಿ ಎರಡು ಚಮಚ, ಇನ್ನೂ ಉರಿ ಬೇಕಾದರೆ ಗುಂಟೂರು ಖಾರ ಅರ್ಧ ಚಮಚ, ಅಲ್ಲ-ಬಳ್ಳೊಳ್ಳಿ ಪೇಸ್ಟ್, ಅರಿಷಿಣ, ಜೀರಿಗೆ-ಕೊತ್ತಂಬರಿ ಪುಡಿ, ಕುಟ್ಟಿದ ಕರಿಮೆಣಸು. ಉಪ್ಪು ಇಡೀ ಕಿಲೋಗೆ ಒಂದೇ ಚಿಕ್ಕ ಚಮಚ. ತಲೆಗೆ ಒಂದೂಕಾಲು ಗ್ರಾಂ ಬಂತು. ಕಡಿಮೆ ಅನಿಸಿದರೆ ಕಡೆಗೆ ಲಿಂಬಿಹಣ್ಣು ಹಿಂಡಿ. ಹುಳಿ ಇದ್ದರೆ ಉಪ್ಪಿನ ಕೊರತೆ ಗೊತ್ತಾಗುವುದಿಲ್ಲ. ಫ್ರಿಜ್‌ನಲ್ಲಿ ಎರಡು ತಾಸು ನೆನೆಯಲಿ.

ಆಮೇಲೆ ಇಡ್ಲಿ ಪಾತ್ರೆಯಲ್ಲಿ ಹದಿನೈದು-ಇಪ್ಪತ್ತು ನಿಮಿಷ ಹಬೆಯಲ್ಲಿ ಬೇಯಿಸಿ. ಚರ್ಮ ಇರುವ ರೆಕ್ಕೆ ಆದರೆ ಇಲ್ಲೇ ಒಂದಿಷ್ಟು ಕೊಬ್ಬು ಕರಗಿ ಕೆಳಗಿನ ನೀರಿಗೆ ಇಳಿಯುತ್ತದೆ. ಆ ನೀರು ಚೆಲ್ಲಿಬಿಡಿ. ತುಂಡುಗಳನ್ನು ಒಣಗಿಸಿ, ಮೈದಾ, ಕಾರ್ನ್‌ಫ್ಲೋರ್ ಬದಲು ಎರಡು ಚಮಚ ಜೋಳದ ಹಿಟ್ಟು ಉದುರಿಸಿ. ಕಾದ ತವಾ ಮೇಲೆ ಒಂದು ದೊಡ್ಡ ಚಮಚ ಎಣ್ಣೆ ಸವರಿ ಎಲ್ಲಾ ಕಡೆ ಹೊರಳಿಸಿ ಗರಿಗರಿ ಮಾಡಿ. ಕರಕಲು ಮಾಡಬೇಡಿ, ಕಪ್ಪಾದ ಭಾಗ ಒಳ್ಳೆಯದಲ್ಲ. ಒಂದು ದೊಡ್ಡ ಚಮಚ ಎಣ್ಣೆಯಲ್ಲಿ 120 ಕ್ಯಾಲರಿ, ಅದು ನಾಲ್ಕು ಜನರಿಗೆ ಹಂಚಿಹೋಯಿತು. ಏರ್ ಫ್ರೈಯರ್ ಇದ್ದವರು ಹಬೆಯ ಕೆಲಸ ಬಿಟ್ಟು 200 ಡಿಗ್ರಿಯಲ್ಲಿ ಇಪ್ಪತ್ತು-ಇಪ್ಪತ್ತೈದು ನಿಮಿಷ, ನಡುವೆ ಒಮ್ಮೆ ತಿರುವಿ ಹಾಕಿದರಾಯಿತು.

ಬೆಂದಿದೆಯೋ ಇಲ್ಲವೋ ನೋಡಲು ಎಲುಬಿನ ಹತ್ತಿರ ಚುಚ್ಚಿ. ರಸ ತಿಳಿಯಾಗಿ ಬರಬೇಕು, ಮಾಂಸ ಎಲುಬು ಬಿಡಬೇಕು. ಥರ್ಮಾಮೀಟರ್ ಇದ್ದವರಿಗೆ ಒಳಗೆ 74 ಡಿಗ್ರಿ ಸೆಲ್ಸಿಯಸ್.

ನಂಜಿಕೊಳ್ಳಲು ಮೆಯೋನೀಸ್ ಬೇಕಂತಿಲ್ಲ. ಕಟ್ಟಿದ ಮೊಸರಿಗೆ ಬಳ್ಳೊಳ್ಳಿ, ಪುದೀನಾ ಅರೆದು ಕಲಸಿ, ಇಲ್ಲವೇ ಮೊಸರಿನಲ್ಲಿ ಗುರೆಳ್ಳು ಚಟ್ನಿ ಸ್ವಲ್ಪ ಬೆರೆಸಿ. ಹಸಿ ತತ್ತಿಯ ಮೆಯೋನೀಸ್‌ನಿಂದ ವಿಷಾಹಾರದ ಭಯವೂ ಇದೆ. ಇದೇ ಕಾರಣಕ್ಕೆ 2024ರಲ್ಲಿ ತೆಲಂಗಾಣ ಸರ್ಕಾರ ಅದನ್ನು ಒಂದು ವರ್ಷ ನಿಷೇಧಿಸಿತ್ತು. ಪಕ್ಕಕ್ಕೆ ಜೋಳದ ರೊಟ್ಟಿ, ಸವತೆಕಾಯಿ, ಗಜ್ಜರಿ, ಹಸಿ ಉಳ್ಳಾಗಡ್ಡಿ, ಮೆಂತೆಪಲ್ಲೆ. ನಾರು ಹೊಟ್ಟೆಗೆ ಹೋದರೆ ನಾಲ್ಕನೇ ತುಂಡಿಗೆ ಕೈ ತಾನಾಗಿ ನಿಲ್ಲುತ್ತದೆ.

ಹೊರಗ ತಿನ್ನೋದಾದ್ರ

ಹೊರಗೆ ತಿನ್ನಲೇಬಾರದು ಅನ್ನುವ ಮಾತು ಯಾರೂ ಕೇಳುವುದಿಲ್ಲ, ನಾವೂ ಹೇಳುವುದಿಲ್ಲ. ಕೆಲವು ಸಣ್ಣ ಬದಲಾವಣೆ ಸಾಕು. ತಂದೂರಿ ಅಥವಾ ಸುಟ್ಟದ್ದು ಇದ್ದರೆ ಅದನ್ನೇ ಕೇಳಿ. ಲಾಲಿಪಾಪ್ ಆದರೆ ಒಣ ಲಾಲಿಪಾಪ್ ತಗೊಳ್ಳಿ. ಸಾಸಿನಲ್ಲಿ ಹೊರಳಿಸಿದ್ದು ಬೇಕಾದರೆ ಸಾಸು ಬೇರೆ ಬಟ್ಟಲಲ್ಲಿ ಕೊಡಲು ಹೇಳಿ, ಅದ್ದಿ ತಿಂದರೆ ಅರ್ಧವೂ ಖರ್ಚಾಗುವುದಿಲ್ಲ. ಒಂದು ಪ್ಲೇಟ್ ಇಬ್ಬರಿಗೆ. ಕೋಲಾ ಬದಲು ಮಜ್ಜಿಗೆ, ಅದೂ ಉಪ್ಪು ಕಡಿಮೆ ಹಾಕಿಸಿ. ಅವತ್ತು ರಾತ್ರಿ ಊಟ ಹಗುರ ಇರಲಿ. ಮರುದಿನ ಉಪ್ಪಿನಕಾಯಿ, ಹಪ್ಪಳಕ್ಕೆ ರಜೆ.

ಪಾರ್ಸೆಲ್ ತಂದರೆ ಬಿಸಿ ಇದ್ದಾಗಲೇ ತಿನ್ನಿ. ಹೊರಗೆ ಎರಡು ತಾಸಿಗಿಂತ ಹೆಚ್ಚು ಇಡಬೇಡಿ, ಬೇಸಿಗೆಯಲ್ಲಿ ಇನ್ನೂ ಬೇಗ. ಉಳಿದದ್ದು ಫ್ರಿಜ್‌ಗೆ, ಮರುದಿನ ಪೂರ್ತಿ ಬಿಸಿ ಮಾಡಿಯೇ ತಾಟಿಗೆ.

ಯಾರು ಹುಷಾರಾಗಿರಬೇಕು?

ಬಿಪಿ, ಹೃದಯದ ತೊಂದರೆ ಇದ್ದವರು ಉಪ್ಪು, ಸಾಸು, ಕರಿದದ್ದು ಕಡಿಮೆ ಮಾಡಬೇಕು. ಶುಗರ್ ಇದ್ದವರಿಗೆ ಕೋಳಿಗಿಂತ ಮೈದಾ, ಸಿಹಿ ಸಾಸು, ಕೋಲಾ ದೊಡ್ಡ ತೊಂದರೆ. ಕಿಡ್ನಿ ತೊಂದರೆ ಇದ್ದವರು ಪ್ರೋಟೀನ್ ಎಷ್ಟು ಅನ್ನುವುದನ್ನು ತಮ್ಮ ಡಾಕ್ಟರನ್ನೇ ಕೇಳಬೇಕು. ಪೇಟೆಯಲ್ಲಿ ಸಿಗುವ ‘ಲೋ ಸೋಡಿಯಂ’ ಉಪ್ಪಿನಲ್ಲಿ ಪೊಟ್ಯಾಸಿಯಂ ಇರುತ್ತದೆ, ಕಿಡ್ನಿ ತೊಂದರೆಯವರು ಮತ್ತು ಕೆಲವು ಬಿಪಿ ಗುಳಿಗೆ ತಗೊಳ್ಳುವವರು ಕೇಳದೆ ಬಳಸಬಾರದು. ಯೂರಿಕ್ ಆಸಿಡ್ ಹೆಚ್ಚಿದ್ದವರಿಗೆ ತುಂಡಿನ ಲೆಕ್ಕ ಇರಲಿ. ಸಣ್ಣ ಮಕ್ಕಳಿಗೆ ಖಾರ ಕಡಿಮೆ, ಎಲುಬು ಬಿಡಿಸಿ ಕೊಡಿ.

ಮತ್ತೆ ನಮ್ಮ ಮನೆಗೆ

ಈ ಲೆಕ್ಕವೆಲ್ಲ ಅವ್ವನ ಮುಂದೆ ಇಟ್ಟಾಗ ಮೊದಲು ಒಪ್ಪಲಿಲ್ಲ. “ಡಾಕ್ಟರ್ ಹೇಳಿದ್ದು ನೀ ಕೇಳಿಯೇನು?” ಅಂದಳು. ಮುಂದಿನ ಸಲ ಬಿಪಿ ತೋರಿಸಲು ಹೋದಾಗ ಅವಳನ್ನೇ ಕರೆದೊಯ್ದೆವು. ಅವಳೇ ಕೇಳಿದಳು. ಉತ್ತರ ಅದೇ: ಉಪ್ಪು, ಎಣ್ಣಿ. ಹೊಟ್ಟೆ ಉರಿ ಇಲ್ಲ ಅಂದಮೇಲೆ ಹಿತಮಿತ ಖಾರ ನಡೀತದ.

ಮನೆಗೆ ಬಂದವಳೇ ಉಪ್ಪಿನಕಾಯಿ ಭರಣಿ ಮೇಲಿನ ಕಪಾಟಿಗೆ ಏರಿಸಿದಳು. ಆ ಭಾನುವಾರ ಇಡ್ಲಿ ಪಾತ್ರೆಯಲ್ಲಿ ಕೋಳಿ ರೆಕ್ಕೆ ಬೆಂದವು. ತವಾ ಮೇಲೆ ಬ್ಯಾಡಗಿ ಖಾರದ ಘಮ ಎದ್ದಾಗ ಅಪ್ಪ ಹಾಲ್‌ನಿಂದ ಎದ್ದು ಬಂದು ಎಲ್ಲರ ಜೊತೆ ನೆಲದ ಮೇಲೆ ಕೂತರು. ಮೊದಲ ತುಂಡು ತಿಂದು, “ಉಪ್ಪು ಸ್ವಲ್ಪ ಕಡಿಮಿ ಆಗೇದ” ಅಂದರು. ಅವ್ವ ಲಿಂಬಿಹೋಳು ಮುಂದೆ ಸರಿಸಿದಳು. ಆಮೇಲೆ ಅವರು ಏನೂ ಅನ್ನಲಿಲ್ಲ, ಎರಡನೇ ತುಂಡಿಗೆ ಕೈ ಹಾಕಿದರು.